ಅಂಬು ಬ್ಯಾಗ್ ಹಿಂಡಿದರೂ ಎದೆ ಏಳಲಿಲ್ಲ, ಹೊಟ್ಟೆ ಉಬ್ಬಿತು

ಪ್ರಶ್ನೆ: ನಾನು ಗ್ರಾಮೀಣ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿ. ಈಚೆಗೆ ಹೃದಯ ನಿಂತುಹೋಗಿದ್ದ ಹಿರಿಯರೊಬ್ಬರನ್ನು ಕರೆತಂದರು. ವೈದ್ಯರು ಎದೆ ಒತ್ತುತ್ತಿದ್ದರು, ನಾನು ಅಂಬು ಬ್ಯಾಗ್ (ಮಾಸ್ಕ್ ಮೂಲಕ ರೋಗಿಗೆ ಉಸಿರು ಕೊಡಲು ಕೈಯಿಂದ ಹಿಂಡುವ ಚೀಲ) ಹಿಂಡುತ್ತಿದ್ದೆ. ಎಷ್ಟು ಜೋರಾಗಿ ಹಿಂಡಿದರೂ ಎದೆ ಏಳಲಿಲ್ಲ; ಹೊಟ್ಟೆ ಉಬ್ಬಿತು, ಬಾಯಿಗೆ ವಾಂತಿ ಬಂತು. ಅವರು ಉಳಿಯಲಿಲ್ಲ. ನನ್ನ ಕೈಯಲ್ಲಿ ಬಲ ಸಾಲಲಿಲ್ಲವೇ?
- ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಮೊದಲು ಒಂದು ಮಾತು. ಹೃದಯ ನಿಂತವರಲ್ಲಿ ಹೆಚ್ಚಿನವರು ದೊಡ್ಡ ಆಸ್ಪತ್ರೆಗಳಲ್ಲೂ ಉಳಿಯುವುದಿಲ್ಲ. ಆ ಸಾವನ್ನು ನಿಮ್ಮ ಕೈಗೆ ಅಂಟಿಸಿಕೊಳ್ಳಬೇಡಿ.

ನಿಮ್ಮ ವಿವರಣೆ ನೋಡಿದರೆ ಬಲ ಸಾಲದ್ದಲ್ಲ, ಹೆಚ್ಚಾದದ್ದು. ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚುತ್ತದೆ. ಶ್ವಾಸನಾಳದ ದಾರಿ ಕಟ್ಟಿದಾಗ ಜೋರಾಗಿ ನೂಕಿದ ಗಾಳಿ ಅನ್ನನಾಳವನ್ನು ತೆರೆದುಕೊಂಡು ಜಠರಕ್ಕೆ ಇಳಿಯುತ್ತದೆ. ಅಲ್ಲಿಂದ ವಾಂತಿ ಮೇಲೇರುತ್ತದೆ.

ನಾನು ಅರಿವಳಿಕೆ ತಜ್ಞೆ. ಹೊಸದಾಗಿ ಬಂದ ವಿದ್ಯಾರ್ಥಿಗಳೆಲ್ಲರ ಕಣ್ಣು ಬ್ಯಾಗ್ ಹಿಂಡುವ ಬಲಗೈ ಮೇಲೆ. ನನ್ನ ಕಣ್ಣು ಅವರ ಎಡಗೈ ಮೇಲೆ. ಗಾಳಿ ಸೋರುತ್ತಿದೆ ಅನ್ನಿಸಿದ ಕೂಡಲೇ ಅವರು ಮಾಸ್ಕನ್ನು ಮುಖಕ್ಕೆ ಅದುಮುತ್ತಾರೆ. ಗದ್ದ ಕೆಳಗೆ ಹೋಗುತ್ತದೆ, ಅದರೊಂದಿಗೆ ನಾಲಿಗೆಯೂ. ಮಾಡಬೇಕಾದದ್ದು ಇದರ ತಿರುಗುಮುರುಗು: ದವಡೆಯನ್ನು ಎತ್ತಿ ಮಾಸ್ಕ್‌ನೊಳಗೆ ತರಬೇಕು. ಹೆಬ್ಬೆರಳು, ತೋರುಬೆರಳು ಮಾಸ್ಕ್ ಸುತ್ತ. ಉಳಿದ ಮೂರು ಬೆರಳು ದವಡೆಯ ಮೂಳೆಯ ಮೇಲೆ, ಕಿರುಬೆರಳು ಕಿವಿಯ ಕೆಳಗಿನ ಮೂಲೆಯಲ್ಲಿ. ಗದ್ದದಡಿಯ ಮೆತ್ತನೆಯ ಭಾಗವನ್ನು ಒತ್ತಿದರೆ ನಾಲಿಗೆಯನ್ನು ನೀವೇ ಮೇಲಕ್ಕೆ ತಳ್ಳಿದಂತೆ. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿಲ್ಲದಿದ್ದರೆ ತಲೆಯಡಿ ಮಡಿಸಿದ ಬಟ್ಟೆಯಿಟ್ಟು, ಕಿವಿ ಎದೆಮೂಳೆಯ ಮಟ್ಟಕ್ಕೆ ಬರುವಂತೆ ಮಾಡಿ. ಬಾಯೊಳಗಿಡುವ ಪ್ಲಾಸ್ಟಿಕ್ ಏರ್‌ವೇ ಇದ್ದರೆ ಹಾಕಿ. ಕಟ್ಟುಹಲ್ಲು ಬಿಗಿಯಾಗಿದ್ದರೆ ತೆಗೆಯಬೇಡಿ, ಕೆನ್ನೆ ಒಳಹೋಗಿ ಗಾಳಿ ಸೋರುತ್ತದೆ.

ಇಷ್ಟನ್ನು ಒಂದೇ ಕೈಯಲ್ಲಿ ಮಾಡುವುದು ಅನುಭವಿಗಳಿಗೂ ಕಷ್ಟ. ನೀವಿಬ್ಬರೇ ಇದ್ದಿರಿ, ಆದರೂ ದಾರಿಯಿತ್ತು. ನೀವು ತಲೆಯ ಕಡೆ ನಿಂತು ಎರಡೂ ಕೈಗಳಿಂದ ಮಾಸ್ಕ್ ಹಿಡಿಯಿರಿ. 30 ಸಲ ಎದೆ ಒತ್ತಿದ ಮೇಲೆ 2 ಉಸಿರು ಕೊಡುವಾಗ ಒತ್ತುವವರ ಕೈ ಹೇಗೂ ಬಿಡುವಾಗಿರುತ್ತದೆ. ಆ 2 ಉಸಿರಿಗೆ ಬ್ಯಾಗನ್ನು ಅವರೇ ಹಿಂಡಲಿ. ಎರಡು ಸಲಕ್ಕೂ ಎದೆ ಏಳದಿದ್ದರೆ ಮೂರನೆಯದಕ್ಕೆ ಕಾಯದೆ ಒತ್ತುವುದಕ್ಕೆ ಮರಳಬೇಕು. ಮುಂದಿನ ಸರದಿಯೊಳಗೆ ತಲೆಯ ಭಂಗಿ, ಹಿಡಿತ ಸರಿಪಡಿಸಿಕೊಳ್ಳಿ. ವಾಂತಿ ಬಂದರೆ ಸಕ್ಷನ್ ಮಾಡಿ (ಯಂತ್ರದಿಂದ ಹೀರಿ ತೆಗೆಯಿರಿ). ಉಬ್ಬಿದ ಹೊಟ್ಟೆಯನ್ನು ಮಾತ್ರ ಒತ್ತಿ ಇಳಿಸಲು ಹೋಗಬೇಡಿ.

ದೊಡ್ಡವರ ಬ್ಯಾಗ್ ಸುಮಾರು ಒಂದೂವರೆ ಲೀಟರಿನದು. ಬೇಕಾದದ್ದು 500ರಿಂದ 600 ಮಿಲಿಲೀಟರ್, ಅಂದರೆ ಮೂರರಲ್ಲೊಂದು ಪಾಲು. ಒಂದು ಸೆಕೆಂಡ್ ಹಿಡಿದು ನಿಧಾನವಾಗಿ ಹಿಂಡಿ, ಎದೆ ಏಳುವುದು ಕಂಡೊಡನೆ ಬಿಡಿ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ಮೇಲೆ 6 ಸೆಕೆಂಡಿಗೆ ಒಂದು ಸಾಕು. ಗಾಬರಿಯಲ್ಲಿ ಈ ಲೆಕ್ಕ ತಪ್ಪುವುದು ನಿಮಗೊಬ್ಬರಿಗೇ ಅಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತರಬೇತಿ ಪಡೆದ ಆಂಬುಲೆನ್ಸ್ ಸಿಬ್ಬಂದಿಯೇ ನಿಮಿಷಕ್ಕೆ ಸರಾಸರಿ 30 ಉಸಿರು ಕೊಡುತ್ತಿದ್ದರು. ಪ್ರತಿ ಉಸಿರೂ ಎದೆಯೊಳಗಿನ ಒತ್ತಡ ಏರಿಸಿ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ.

ಆಮ್ಲಜನಕದ ಸಿಲಿಂಡರ್ ಖಾಲಿಯಾಗಿದೆ ಎಂದು ಕೆಲವರು ಬ್ಯಾಗನ್ನೇ ಕೆಳಗಿಡುವುದುಂಟು. ಡೆನ್ಮಾರ್ಕಿನ ಹೆನಿಂಗ್ ರುಬೆನ್ ಮತ್ತು ಹೋಲ್ಗರ್ ಹೆಸ್ಸೆ ರೂಪಿಸಿದ, 1956ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಗಿನ ಹೆಚ್ಚುಗಾರಿಕೆಯೇ ಅದು ತಾನಾಗಿ ಉಬ್ಬಿಕೊಳ್ಳುವುದು. ಆಮ್ಲಜನಕವಿದ್ದರೆ ರಿಸರ್ವಾಯರ್ (ಆಮ್ಲಜನಕ ತುಂಬಿಕೊಳ್ಳುವ ಚೀಲ) ಜೋಡಿಸಿ ನಿಮಿಷಕ್ಕೆ 10ರಿಂದ 15 ಲೀಟರ್ ಬಿಡಿ. ಇಲ್ಲದಿದ್ದರೆ ಕೋಣೆಯ ಗಾಳಿಯಲ್ಲೇ ಮುಂದುವರಿಸಿ.

ನಾಳೆ ಕೆಲಸಕ್ಕೆ ಹೋದಾಗ ಬ್ಯಾಗಿನಿಂದ ಮಾಸ್ಕ್ ಕಳಚಿ, ಬ್ಯಾಗಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಹಿಂಡಿ ನೋಡಿ. ಕೈಗೆ ಬಿಗಿಯಾಗಿ ಎದುರೊತ್ತಬೇಕು. ಸುಮ್ಮನೆ ಕುಸಿದರೆ ವಾಲ್ವ್ ಕೆಟ್ಟಿದೆ, ಬದಲಿಸಲು ಹೇಳಿ.