ಕಾಲೇಜಿನಿಂದ ‘ಪಾಸ್ ಔಟ್’ ಆದೆ ಅಂದರೆ ನಗುವುದೇಕೆ?

ಪ್ರಶ್ನೆ: ಆನ್‌ಲೈನ್ ಇಂಟರ್‌ವ್ಯೂನಲ್ಲಿ ‘ಐ ಪಾಸ್ಡ್ ಔಟ್ ಇನ್ 2022’ ಎಂದೆ. ಆ ಕಡೆ ಇದ್ದ ಅಮೆರಿಕದವರು ತಬ್ಬಿಬ್ಬಾದರು, ಆಮೇಲೆ ನಕ್ಕುಬಿಟ್ಟರು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಸರ್?
– ಓದುಗರು, ದಾವಣಗೆರೆ

ಉತ್ತರ: ನೀವು 2022ರಲ್ಲಿ ತಲೆ ತಿರುಗಿ ಬಿದ್ದಿರಿ ಅಂತ ಅವರಿಗೆ ಕೇಳಿಸಿದೆ! ಅಮೆರಿಕದಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ‘ಪಾಸ್ ಔಟ್’ ಅಂದರೆ ಮೊದಲು ಹೊಳೆಯುವುದು ಎಚ್ಚರ ತಪ್ಪುವುದು. ತಿಂಡಿ ತಿನ್ನದೆ ಬಂದ ಹುಡುಗಿ ಬಿಸಿಲಲ್ಲಿ ಪ್ರೇಯರ್‌ಗೆ ನಿಂತು ದೊಪ್ಪನೆ ಬಿದ್ದರೆ ‘ಶಿ ಪಾಸ್ಡ್ ಔಟ್’. ಕುಡಿದು ಸೋಫಾ ಮೇಲೆ ಮೈಮರೆತು ಬಿದ್ದವನಿಗೂ ಇದೇ ಮಾತು. ಕುಡಿಯದೆ, ಸುಮ್ನೆ ಸುಸ್ತಾಗಿ ಹಾಸಿಗೆ ಸೇರಿದ ತಕ್ಷಣ ನಿದ್ದೆ ಹೋದವರೂ ತಮಾಷೆಗೆ ಹೀಗೇ ಹೇಳಿಕೊಳ್ಳುತ್ತಾರೆ.

ಹಾಗಂತ ನಮ್ಮ ಬಳಕೆಗೆ ಬುಡವೇ ಇಲ್ಲ ಅಂತಲ್ಲ. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯ ‘ಪಾಸಿಂಗ್ ಔಟ್ ಪರೇಡ್’ ಟಿವಿಯಲ್ಲಿ ನೋಡಿರುತ್ತೀರಿ, ಅಲ್ವಾ? ಸೇನೆಯಲ್ಲೋ ಪೊಲೀಸಿನಲ್ಲೋ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷರೂ ಹೀಗೇ ಅನ್ನುತ್ತಾರೆ. ನಮ್ಮಲ್ಲಿ ಅದು ಪರೇಡ್ ಮೈದಾನ ದಾಟಿ ಡಿಗ್ರಿ ಕಾಲೇಜಿಗೂ ಬಂತು. ಕನ್ನಡದ ಕಿವಿಗೆ ಅದು ಸಲೀಸು ಕೂಡ: ಪಾಸಾದೆ, ಹೊರಬಂದೆ, ಪಾಸ್ ಔಟ್! ಬೆಂಗಳೂರಿನ ಕೆಲಸದ ಜಾಹೀರಾತುಗಳಲ್ಲಂತೂ ‘2024 ಪಾಸ್‌ಔಟ್ಸ್’ ಅಂತ ಅದು ಮನುಷ್ಯರ ಹೆಸರೇ ಆಗಿಬಿಟ್ಟಿದೆ.

ಅದಕ್ಕೇ ನಾನು ಇದನ್ನು ತಪ್ಪು ಅನ್ನಲಾರೆ. ಇಲ್ಲಿನ ಎಚ್‌ಆರ್ ಹತ್ತಿರ ಧಾರಾಳವಾಗಿ ಹೇಳಿ. ಹೊರದೇಶದವರ ಹತ್ತಿರ ಮಾತ್ರ ‘ಐ ಗ್ರಾಜುಯೇಟೆಡ್ ಇನ್ 2022’ ಅನ್ನಿ. ಕಾಲೇಜಿನ ಹೆಸರು ಹೇಳುವುದಾದರೆ ಅದಕ್ಕೆ ಮೊದಲು ‘ಫ್ರಮ್’ ಇರಲಿ. ‘ಐ ಫಿನಿಶ್ಡ್ ಕಾಲೇಜ್’ ಅಂದರೂ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಆ ಕೆಲಸ ಸಿಕ್ಕಿ ಅಮೆರಿಕದವರ ಜೊತೆ ಮೀಟಿಂಗಿಗೆ ಕೂತರೆ ಇನ್ನೊಂದು ಅರ್ಥ ಎದುರಾಗಬಹುದು. ‘ಪಾಸ್ ಔಟ್ ದಿ ಪೇಪರ್ಸ್’ ಅಂದರೆ ಕಾಗದಗಳನ್ನು ಹಂಚಿ ಅಂತ. ಹಂಚುವಾಗ ‘ಪಾಸ್ ದೆಮ್ ಔಟ್’ ಅಂತ ನಡುವೆ ಪದ ತೂರಿಸಬಹುದು. ಎಚ್ಚರ ತಪ್ಪುವ ‘ಪಾಸ್ ಔಟ್’ನಲ್ಲಿ ಅದು ನಡೆಯುವುದಿಲ್ಲ.

‘ಪಾಸ್ ಅವೇ’ ಜೊತೆಗಂತೂ ಕಲಸಬೇಡಿ. ಅದು ತೀರಿಕೊಳ್ಳುವುದು. ನನ್ನ ಕ್ಲಾಸಿನ ಹುಡುಗನೊಬ್ಬ ‘ಆಲ್ ಮೈ ಸೀನಿಯರ್ಸ್ ಪಾಸ್ಡ್ ಅವೇ ಲಾಸ್ಟ್ ಇಯರ್’ ಅಂದುಬಿಟ್ಟಿದ್ದ. ಆ ಸೀನಿಯರ್‌ಗಳಲ್ಲಿ ಇಬ್ಬರು ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದರು.