ಎರಡು ಲಿಪೋ ಪ್ಯಾಕ್ ಕೂಡಿಸುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಿಮೋಟ್ ಕಾರುಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಬಗ್ಗೆಯೇ ಇವೆ. ಎರಡು ಪ್ಯಾಕ್ ಕೂಡಿಸಿ ವೇಗವನ್ನೋ ಓಟದ ಸಮಯವನ್ನೋ ಹೆಚ್ಚಿಸುವುದು ಹೇಗೆ ಎನ್ನುವುದೇ ಬಹುಪಾಲು ಓದುಗರ ಪ್ರಶ್ನೆ. ಹಾಗಾಗಿ ಇಡೀ ಪುಟವನ್ನು ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಕಾರಿನ ಇಎಸ್‌ಸಿ (ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಭಾಗ) 4ಎಸ್, ಅಂದರೆ ಸಾಲಾಗಿ ಜೋಡಿಸಿದ ನಾಲ್ಕು ಸೆಲ್ಲುಗಳ ವರೆಗೆ ತಡೆಯುತ್ತದೆ. ನನ್ನ ಬಳಿ ಎರಡು 2ಎಸ್ ಪ್ಯಾಕ್ ಇದ್ದವು, ಒಂದು 5000 ಎಂಎಎಚ್ (ಪ್ಯಾಕು ಹಿಡಿಯುವ ಚಾರ್ಜಿನ ಅಳತೆ), ಇನ್ನೊಂದು 3300. ಎರಡನ್ನೂ ಪೂರ್ತಿ ಚಾರ್ಜ್ ಮಾಡಿ ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಜೋಡಿಸಿ) ಹಾಕಿ ಓಡಿಸಿದೆ. ಇಎಸ್‌ಸಿಯಲ್ಲಿ ಕಟಾಫ್ (ವೋಲ್ಟೇಜ್ ಇಷ್ಟಕ್ಕಿಳಿದರೆ ಓಟ ನಿಲ್ಲಿಸಬೇಕೆಂಬ ಮಿತಿ) ಇಟ್ಟಿದ್ದೆ, ಅದು ಸರಿಯಾಗಿ ಕೆಲಸವನ್ನೂ ಮಾಡಿತು. ಆದರೂ ಚಿಕ್ಕ ಪ್ಯಾಕ್ ದಿಂಬಿನ ಹಾಗೆ ಉಬ್ಬಿದೆ. ತಪ್ಪು ಎಲ್ಲಾಯಿತು? (ಟಿಳಕವಾಡಿ, ಬೆಳಗಾವಿ)

ಉತ್ತರ: ಕಟಾಫ್ ಇದ್ದೂ ಪ್ಯಾಕ್ ಹಾಳಾಗಲು ಕಾರಣ ಒಂದೇ: ಇಎಸ್‌ಸಿಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ, ಒಂದೊಂದು ಸೆಲ್ಲಿನ ಪಾಡು ಅದಕ್ಕೆ ಗೊತ್ತಿಲ್ಲ.

ಸೀರೀಸ್‌ನಲ್ಲಿ ಎರಡೂ ಪ್ಯಾಕುಗಳಿಂದ ಹರಿಯುವುದು ಒಂದೇ ಕರೆಂಟು. 3000 ಎಂಎಎಚ್ ಖರ್ಚಾದಾಗ ದೊಡ್ಡದರಲ್ಲಿ ಇನ್ನೂ 2000 ಉಳಿದಿರುತ್ತದೆ, ಚಿಕ್ಕದರಲ್ಲಿ 300 ಮಾತ್ರ. ಈಗ ಲೆಕ್ಕ ಹಾಕಿ. ಸೆಲ್ಲಿಗೆ 3.2 ವೋಲ್ಟ್ ಕಟಾಫ್ ಎಂದರೆ ನಾಲ್ಕು ಸೆಲ್ಲಿಗೆ 12.8. ದೊಡ್ಡ ಪ್ಯಾಕಿನ ಸೆಲ್ಲುಗಳು ಓಡುವಾಗಲೂ ತಲಾ 3.6 ಕೊಡುತ್ತಿದ್ದರೆ ಅದೊಂದರಿಂದಲೇ 7.2 ಬಂತು. ಹಾಗಾದರೆ ಚಿಕ್ಕ ಪ್ಯಾಕು 5.6ಕ್ಕೆ, ಅಂದರೆ ಸೆಲ್ಲಿಗೆ 2.8ಕ್ಕೆ ಕುಸಿಯುವವರೆಗೂ ಇಎಸ್‌ಸಿ ಸುಮ್ಮನೆ ಓಡಿಸುತ್ತದೆ. ಲೋಡ್ ಇದ್ದಾಗಲೂ ಲಿಪೋ ಸೆಲ್ಲು 3.0ಕ್ಕಿಂತ ಕೆಳಗೆ ಹೋಗಬಾರದು. ಆ ಎರಡು ಸೆಲ್ಲುಗಳಲ್ಲೂ ಒಂದು ಇನ್ನೊಂದಕ್ಕಿಂತ ಸೊರಗಿದ್ದರೆ ಅದು 2.5ಕ್ಕೂ ಇಳಿದಿರಬಹುದು. ಅಷ್ಟು ಕೆಳಗಿಳಿದ ಸೆಲ್ಲಿನ ಒಳಗೆ ಗ್ಯಾಸ್ ಹುಟ್ಟುತ್ತದೆ. ಇನ್ನೂ ಕೆಳಕ್ಕೆ ಹೋದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮರಳಿ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆ ಕಡೆ ಕೂತು ಒಳಗೊಳಗೇ ಶಾರ್ಟ್ ಆಗುವ ಸಾಧ್ಯತೆ ಇದೆ. ಆದ್ದರಿಂದ ಉಬ್ಬಿದ ಆ ಪ್ಯಾಕನ್ನು ಮತ್ತೆ ಚಾರ್ಜರಿಗೆ ಹಾಕಲೇಬೇಡಿ.

ಸೀರೀಸ್‌ಗೆ ಬೇಕಾದದ್ದು ಅವಳಿ ಪ್ಯಾಕುಗಳು. ಒಂದೇ ಕಂಪನಿ, ಒಂದೇ ಎಂಎಎಚ್, ಒಂದೇ ಸಿ ರೇಟಿಂಗ್ (ಎಷ್ಟು ಕರೆಂಟು ಕೊಡಬಲ್ಲದೆಂಬ ಅಳತೆ), ಒಂದೇ ದಿನ ತಂದವು. ಮಾರ್ಕರ್ ಪೆನ್ನಿನಿಂದ ಮೇಲೆ ‘1ಅ’, ‘1ಆ’ ಎಂದು ಬರೆದಿಟ್ಟು ಯಾವಾಗಲೂ ಜೊತೆಯಲ್ಲೇ ಬಳಸಿ. ಒಂದನ್ನು ಬೇರೆ ಕಾರಿಗೆ ಹಾಕಿ ಓಡಿಸಿದರೆ ಜೋಡಿ ಮುರಿಯಿತೆಂದೇ ತಿಳಿಯಿರಿ. ಪ್ರತಿ ಓಟದ ನಂತರ ನಾಲ್ಕೂ ಸೆಲ್ಲುಗಳನ್ನು ಅಳೆಯಿರಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಇರುವವುಗಳ ನಡುವೆ 0.1 ವೋಲ್ಟಿಗಿಂತ ಹೆಚ್ಚು ಅಂತರ ಪದೇ ಪದೇ ಕಂಡರೆ ಆ ಜೋಡಿಯನ್ನು ಸೀರೀಸ್‌ನಿಂದ ತೆಗೆದುಬಿಡಿ. ಹೆಬ್ಬೆರಳ ಗಾತ್ರದ ಲಿಪೋ ಅಲಾರಂ ಕಡಿಮೆ ಬೆಲೆಗೆ ಸಿಗುತ್ತದೆ. ಎರಡು ಕೊಂಡು, ಪ್ರತಿ ಪ್ಯಾಕಿನ ಬ್ಯಾಲೆನ್ಸ್ ವೈರಿಗೆ (ಒಂದೊಂದು ಸೆಲ್ಲಿನಿಂದಲೂ ಬರುವ ತೆಳು ವೈರುಗಳ ಚಿಕ್ಕ ಪ್ಲಗ್ಗಿಗೆ) ಒಂದೊಂದು ಸಿಕ್ಕಿಸಿ 3.5 ವೋಲ್ಟಿಗೆ ಇಡಿ. ಯಾವ ಸೆಲ್ಲು ಮೊದಲು ಇಳಿದರೂ ಅದು ಕಿರುಚುತ್ತದೆ. ಇಎಸ್‌ಸಿ ಮಾಡಲಾರದ ಕೆಲಸ ಇದು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. 2ಎಸ್‌ನಿಂದ 4ಎಸ್‌ಗೆ ಹೋದರೆ ಮೋಟರಿನ ವೇಗವೂ ದುಪ್ಪಟ್ಟು. 3300 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು) ಮೋಟರು 8.4 ವೋಲ್ಟಿನಲ್ಲಿ ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 27,700 ಸುತ್ತು ತಿರುಗಿದರೆ 16.8ರಲ್ಲಿ 55,400. ಪಿನಿಯನ್ ಗೇರು (ಮೋಟರಿನ ತುದಿಯಲ್ಲಿರುವ ಚಿಕ್ಕ ಹಲ್ಲುಗಾಲಿ) ಅದೇ ಉಳಿದರೆ ಮೋಟರೂ ಇಎಸ್‌ಸಿಯೂ ಕಾಯುತ್ತವೆ. ಕಡಿಮೆ ಹಲ್ಲಿನ ಪಿನಿಯನ್ ಹಾಕಿ, ಎರಡು ನಿಮಿಷ ಓಡಿಸಿ, ಮೋಟರನ್ನು ಬೆರಳಿನಿಂದ ಮುಟ್ಟಿ ನೋಡಿ. ಮೂರು ಸೆಕೆಂಡ್ ಬೆರಳು ಇಡಲಾಗದಿದ್ದರೆ ಗೇರು ಇನ್ನೂ ಇಳಿಸಬೇಕು.

ಪ್ರಶ್ನೆ: ಓಟದ ಸಮಯ ಹೆಚ್ಚಲೆಂದು ಎರಡು 2ಎಸ್ ಪ್ಯಾಕುಗಳನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಿದೆ. ಒಂದು ಆಗಷ್ಟೇ ಚಾರ್ಜ್ ಆಗಿತ್ತು, ಇನ್ನೊಂದನ್ನು ಅರ್ಧ ಓಡಿಸಿದ್ದೆ. ಎರಡನೆಯದನ್ನು ಸಿಕ್ಕಿಸುತ್ತಲೇ ‘ಚಟ್’ ಎಂದು ಕಿಡಿ ಹಾರಿ ಪ್ಲಗ್ಗಿನ ಪಿನ್ ಕಪ್ಪಾಯಿತು. ವೋಲ್ಟೇಜ್ ಒಂದೇ ಅಲ್ಲವೇ, ಎರಡರ ಮೇಲೂ 7.4 ಎಂದೇ ಇದೆಯಲ್ಲ? (ನವನಗರ, ಬಾಗಲಕೋಟೆ)

ಉತ್ತರ: ಲೇಬಲ್ಲಿನ 7.4 ಬರೀ ಹೆಸರು. ತುಂಬಿದ 2ಎಸ್ 8.4 ಇರುತ್ತದೆ, ಅರ್ಧ ಖಾಲಿಯಾದದ್ದು ಸುಮಾರು 7.6. ನಡುವೆ 0.8 ವೋಲ್ಟ್. ಒಳ್ಳೆಯ ಪ್ಯಾಕುಗಳ ಒಳ ಪ್ರತಿರೋಧ ತೀರಾ ಕಡಿಮೆ. ಎರಡೂ ಪ್ಯಾಕು ಮತ್ತು ವೈರು ಸೇರಿ 20 ಮಿಲಿಓಮ್ ಎಂದುಕೊಂಡರೂ ತುಂಬಿದ್ದರಿಂದ ಖಾಲಿಯಾದದ್ದಕ್ಕೆ 40 ಆಂಪಿಯರ್ ನುಗ್ಗುತ್ತದೆ. 5000 ಎಂಎಎಚ್ ಪ್ಯಾಕನ್ನು ನಾವು ಚಾರ್ಜ್ ಮಾಡುವುದು 5 ಆಂಪಿಯರಿನಲ್ಲಿ. ನಿಮ್ಮ ಪ್ಯಾಕು ಆ ಕ್ಷಣ ಅದರ ಎಂಟು ಪಟ್ಟು ತಿಂದಿತು, ಅದೂ ಯಾವ ಹಿಡಿತವೂ ಇಲ್ಲದೆ.

ಕೂಡಿಸುವ ಮುನ್ನ ಎರಡನ್ನೂ ಅಳೆಯಿರಿ. ವ್ಯತ್ಯಾಸ ಸೆಲ್ಲಿಗೆ 0.05, ಅಂದರೆ 2ಎಸ್ ಪ್ಯಾಕಿಗೆ 0.1 ವೋಲ್ಟಿನೊಳಗೆ ಇರಲಿ. ಎರಡನ್ನೂ ಪೂರ್ತಿ ಚಾರ್ಜ್ ಮಾಡಿ ಕೂಡಿಸುವುದೇ ಸುಲಭದ ದಾರಿ. ಮೊದಲು ಪ್ಯಾಕುಗಳನ್ನು ಒಂದಕ್ಕೊಂದು ಸೇರಿಸಿ, ಆಮೇಲೆ ಇಎಸ್‌ಸಿಗೆ ಹಾಕಿ. ಇಎಸ್‌ಸಿಗೆ ಹಾಕುವಾಗಲೂ ಚಿಕ್ಕದೊಂದು ಕಿಡಿ ಬರುತ್ತದೆ. ಅದು ಅಲ್ಲಿನ ಕೆಪಾಸಿಟರ್ ತುಂಬಿಕೊಳ್ಳುವ ಕಿಡಿ, ಗಾಬರಿ ಬೇಡ. ಪ್ಯಾಕಿಗೂ ಪ್ಯಾಕಿಗೂ ನಡುವೆ ಬರುವ ಕಿಡಿಗೇ ಹೆದರಬೇಕು.

ಪ್ಯಾರಲಲ್‌ನಲ್ಲಿ ಎಂಎಎಚ್ ಬೇರೆ ಬೇರೆ ಇದ್ದರೆ ನಡೆಯುತ್ತದೆ, ಏಕೆಂದರೆ ಎರಡೂ ಒಂದೇ ವೋಲ್ಟೇಜಿನಲ್ಲಿ ಒಟ್ಟಿಗೆ ಇಳಿಯುತ್ತವೆ. ಸೆಲ್ಲುಗಳ ಸಂಖ್ಯೆ ಮಾತ್ರ ಒಂದೇ ಇರಬೇಕು. 2ಎಸ್ ಜೊತೆ 3ಎಸ್ ಸೇರಿಸಿದರೆ ಬೆಂಕಿ ಕಟ್ಟಿಟ್ಟದ್ದು. ಓಡುವಾಗ ಜಿಗಿತದ ಏಟಿಗೆ ಒಂದು ಪ್ಲಗ್ ಕಳಚಿಕೊಂಡರೆ ಉಳಿದ ಪ್ಯಾಕೊಂದೇ ಕಾರನ್ನು ಎಳೆಯುತ್ತಿರುತ್ತದೆ. ಕಳಚಿದ್ದನ್ನು ಕಂಡ ತಕ್ಷಣ ಮತ್ತೆ ಸಿಕ್ಕಿಸಿಬಿಡಬೇಡಿ, ಅಷ್ಟರಲ್ಲಿ ಎರಡರ ನಡುವೆ ಅಂತರ ಬೆಳೆದಿರುತ್ತದೆ. ಕಪ್ಪಾದ ಪ್ಲಗ್ ಬದಲಾಯಿಸಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಅಣ್ಣ ಬಿಟ್ಟುಹೋದ ಎರಡು ವೈ ಆಕಾರದ ವೈರು ಇವೆ. ಒಂದು ಸೀರೀಸ್, ಇನ್ನೊಂದು ಪ್ಯಾರಲಲ್ ಅಂತೆ. ಯಾವುದು ಯಾವುದೆಂದು ಹೇಗೆ ತಿಳಿಯುವುದು? (ಮುಧೋಳ)

ಉತ್ತರ: ತಮ್ಮಾ, ಒಳ್ಳೆಯ ಪ್ರಶ್ನೆ, ಹಾಕಿ ನೋಡುವ ಮೊದಲೇ ಕೇಳಿದ್ದು ಇನ್ನೂ ಒಳ್ಳೆಯದು. ವೈರು ಎಣಿಸು. ಪ್ಯಾರಲಲ್‌ನಲ್ಲಿ ಎರಡೂ ಸಾಕೆಟ್ಟುಗಳಿಂದ ಕೆಂಪು, ಕಪ್ಪು ಎರಡೆರಡು ವೈರು ಮುಖ್ಯ ಪ್ಲಗ್ಗಿಗೆ ಹೋಗುತ್ತವೆ. ಸೀರೀಸ್‌ನಲ್ಲಿ ಒಂದೊಂದು ಸಾಕೆಟ್ಟಿನಿಂದ ಒಂದೊಂದೇ ವೈರು ಮುಖ್ಯ ಪ್ಲಗ್ಗಿಗೆ ಹೋಗುತ್ತದೆ; ಮೂರನೆಯ ವೈರು ಎರಡು ಸಾಕೆಟ್ಟುಗಳನ್ನು ಅಡ್ಡಡ್ಡ ಜೋಡಿಸಿರುತ್ತದೆ. ಟೇಪ್ ಸುತ್ತಿ ಮುಚ್ಚಿದ್ದರೆ ಮಲ್ಟಿಮೀಟರನ್ನು ಬೀಪ್‌ಗೆ ಇಡು. ಯಾವ ಪ್ಯಾಕನ್ನೂ ಹಾಕಿರಬಾರದು. ಎರಡು ಸಾಕೆಟ್ಟುಗಳ ಪ್ಲಸ್‌ಗಳು ಒಂದಕ್ಕೊಂದು ಬೀಪ್ ಎಂದರೆ ಪ್ಯಾರಲಲ್. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬೀಪ್ ಎಂದರೆ ಸೀರೀಸ್. ತಿಳಿದ ಮೇಲೆ ಎರಡಕ್ಕೂ ಚೀಟಿ ಅಂಟಿಸು.

ಒಂದು ಎಚ್ಚರ: ಪ್ಯಾಕುಗಳು ಸೀರೀಸ್ ವೈರಿನಲ್ಲಿ ಇರುವಾಗಲೇ ಅವುಗಳ ಬ್ಯಾಲೆನ್ಸ್ ವೈರುಗಳನ್ನು ಪ್ಯಾರಲಲ್ ಚಾರ್ಜಿಂಗ್ ಬೋರ್ಡಿಗೆ (ಹಲವು ಪ್ಯಾಕುಗಳನ್ನು ಒಟ್ಟಿಗೆ ಚಾರ್ಜ್ ಮಾಡುವ ಹಲಗೆಗೆ) ಎಂದೂ ಸಿಕ್ಕಿಸಬೇಡ. ಒಂದರ ಪ್ಲಸ್, ಇನ್ನೊಂದರ ಮೈನಸ್ ಎರಡೂ ಬೋರ್ಡಿನಲ್ಲಿ ಕೂಡಿ ನೇರ ಶಾರ್ಟ್ ಆಗುತ್ತದೆ, ಎಳೆಯಷ್ಟು ತೆಳುವಾದ ಆ ವೈರುಗಳು ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುತ್ತವೆ. ಚಾರ್ಜ್ ಮಾಡುವಾಗ ಪ್ಯಾಕುಗಳನ್ನು ಬಿಡಿಸಿ, ಒಂದೊಂದನ್ನೇ ಬ್ಯಾಲೆನ್ಸ್ ಮೋಡ್‌ನಲ್ಲಿ (ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬುವ ಕ್ರಮದಲ್ಲಿ) ಮಾಡು, ಮನೆಯಲ್ಲಿ ದೊಡ್ಡವರು ಇರುವಾಗ.

ಪ್ರಶ್ನೆ: 7.2 ವೋಲ್ಟಿನ ಹಳೆಯ ನಿಕಲ್ ಬ್ಯಾಟರಿ ಜೊತೆ 7.4ರ ಲಿಪೋ ಪ್ಯಾರಲಲ್ ಮಾಡಬಹುದೇ? (ವಿಜಯಪುರ)

ಉತ್ತರ: ಬೇಡ. ಅವು ಇಳಿಯುವ ರೀತಿಯೇ ಬೇರೆ, ಇಡೀ ಓಟದಲ್ಲಿ ಒಂದು ಇನ್ನೊಂದರೊಳಗೆ ಸುರಿಯುತ್ತಲೇ ಇರುತ್ತದೆ. ನಿಕಲ್ ಚಾರ್ಜರನ್ನು ಲಿಪೋಗೆ ಹಾಕುವುದಂತೂ ಬೆಂಕಿಗೆ ಆಹ್ವಾನ, 4.2ಕ್ಕೆ ನಿಲ್ಲಿಸಬೇಕೆಂಬುದು ಅದಕ್ಕೆ ಗೊತ್ತೇ ಇಲ್ಲ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿನ ಆರು 18650 ಸೆಲ್ಲುಗಳಿಂದ (ಉರುಳೆಯಾಕಾರದ ಲಿಥಿಯಂ ಸೆಲ್ಲು) ಕಾರಿಗೆ 3ಎಸ್ ಪ್ಯಾಕ್ ಮಾಡಬಹುದೇ? (ಇಂಡಿ)

ಉತ್ತರ: ವೋಲ್ಟೇಜ್ ಕೂಡುತ್ತದೆ, ಕರೆಂಟು ಸಾಲುವುದಿಲ್ಲ. ಲ್ಯಾಪ್‌ಟಾಪಿನ ಸೆಲ್ಲು ನಿಧಾನವಾಗಿ ಕೊಡಲೆಂದೇ ಮಾಡಿದ್ದು, ಒಂದರಿಂದ 5 ಆಂಪಿಯರ್ ಆಸುಪಾಸು. ಎರಡೆರಡು ಪ್ಯಾರಲಲ್ ಮಾಡಿದರೆ 10. ಬ್ರಶ್‌ಲೆಸ್ ಮೋಟರಿನ ಕಾರು ಥ್ರಾಟಲ್ ಒತ್ತಿದ ಕೂಡಲೇ 40–50 ಕೇಳಬಹುದು. ಜೊತೆಗೆ ಸೆಲ್ಲಿನ ತುದಿಗೆ ನೇರವಾಗಿ ಸೋಲ್ಡರ್ ಮಾಡಿದರೆ ಒಳಗಿನ ತೆಳು ಪರದೆ ಕಾಸಿ ಕೆಡುತ್ತದೆ. ಅದಕ್ಕೆ ನಿಕಲ್ ಪಟ್ಟಿ, ಸ್ಪಾಟ್ ವೆಲ್ಡಿಂಗ್ ಬೇಕು. ಆ ಸೆಲ್ಲುಗಳು ಕಾರಿಗೆ ಬೇಡ.

ಪ್ರಶ್ನೆ: ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಪ್ಯಾಕುಗಳನ್ನು ಎಲ್ಲಿ ಇಡಬೇಕು? ಕೆಟ್ಟವನ್ನು ಏನು ಮಾಡಬೇಕು? (ಸಿಂದಗಿ)

ಉತ್ತರ: ಪತ್ರಾಸ್ ಶೆಡ್ಡಿನಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಮನೆಯೊಳಗಿನ ತಂಪು ಮೂಲೆಯಲ್ಲಿ, ಸೆಲ್ಲಿಗೆ 3.8 ವೋಲ್ಟಿನ ಸ್ಟೋರೇಜ್ ಚಾರ್ಜಿನಲ್ಲಿ ಇಡಿ. ಪೂರ್ತಿ ತುಂಬಿ ವಾರಗಟ್ಟಲೆ ಬಿಟ್ಟ ಪ್ಯಾಕು ಈ ಬಿಸಿಲಿಗೆ ಬೇಗ ಉಬ್ಬುತ್ತದೆ. ಓಡಿಸಿ ತಂದ ಪ್ಯಾಕು ಪೂರ್ತಿ ಆರಿದ ಮೇಲೆಯೇ ಚಾರ್ಜಿಗೆ ಹಾಕಿ, ಅದೂ ಮಂಚ, ಗಾದಿಯ ಮೇಲಲ್ಲ, ಶಹಾಬಾದ್ ಕಲ್ಲಿನ ಬರೀ ನೆಲದ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳಿಟ್ಟುಕೊಂಡು. ಎರೆ ಹೊಲದಲ್ಲಿ ಓಡಿಸುವವರು ಚಕ್ರದ ಅಚ್ಚಿಗೆ ಮೆತ್ತಿದ ಮಣ್ಣನ್ನು ಆಗಾಗ ಕೆರೆದು ತೆಗೆಯಿರಿ. ಗಾಲಿ ಬಿಗಿದಷ್ಟೂ ಬ್ಯಾಟರಿ ಕಾಯುತ್ತದೆ.

ಕೆಟ್ಟ ಪ್ಯಾಕನ್ನು ಅಂಗಳದಲ್ಲಿ, ಮನೆಯಿಂದ ದೂರ, 12 ವೋಲ್ಟ್ 21 ವ್ಯಾಟಿನ ವಾಹನದ ಬಲ್ಬಿಗೆ ಜೋಡಿಸಿ ಸೊನ್ನೆಗೆ ಇಳಿಸಿ. ಮೂರು ಸೆಲ್ಲಿನವರೆಗಿನ ಪ್ಯಾಕಿಗೆ ಈ ಬಲ್ಬು ಸರಿ. ದೀಪ ಆರಿದ ಮೇಲೂ ಒಂದು ದಿನ ಹಾಗೇ ಬಿಡಿ. ಆಮೇಲೆ ವೈರುಗಳನ್ನು ಒಂದೊಂದಾಗಿ ಕತ್ತರಿಸಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಇವನ್ನು ಮನೆಯ ಕಸದ ಜೊತೆ ಹಾಕುವಂತಿಲ್ಲ. ಉಬ್ಬಿದ ಪ್ಯಾಕನ್ನು ಸೂಜಿಯಿಂದ ಚುಚ್ಚಿ ಗಾಳಿ ಬಿಡಲು ಹೋಗಬೇಡಿ, ಚುಚ್ಚಿದ ಜಾಗದಿಂದಲೇ ಹೊಗೆ, ಬೆಂಕಿ ಏಳುತ್ತವೆ.