ಎರಡು ಚಂದ್ರರ ಊರಿನಲ್ಲಿ ಇಳಿತ ಎಷ್ಟು ಹೊತ್ತಿಗೆ?

ಪ್ರಿಯ ಸೋದರಿ,

ನಿಮ್ಮ ಪತ್ರ ತಲುಪಿತು. ಹೆಸರು ಅಚ್ಚಾಗುವುದು ಬೇಡವೆಂದು ಕೇಳಿಕೊಂಡಿದ್ದೀರಿ, ಹಾಗೆಯೇ ಆಗಲಿ. ನೀವು ಕೇಳಿದಂಥ ಪ್ರಶ್ನೆಗಳನ್ನೇ ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪತ್ರಗಳು ಕಾರವಾರದ ನಮ್ಮ ಕಚೇರಿಗೆ ಆಗಾಗ ಬರುತ್ತಿರುವುದರಿಂದ ಉತ್ತರವನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ನೀವು ಅಘನಾಶಿನಿ ದಂಡೆಯ ಹಳ್ಳಿಯವರು. ಕುಮಟೆಯ ಅಡಿಕೆ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುತ್ತೀರಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಗಂಟೆ ನಿಮ್ಮದು. ಆ ಒಂದು ಗಂಟೆಯಲ್ಲಿ ಮೂರು ವರ್ಷಗಳಿಂದ ಒಂದು ಮಾಯಾಲೋಕವನ್ನು ಕಟ್ಟುತ್ತಿದ್ದೀರಿ: ಏಳು ರಾಜ್ಯಗಳು, ಆಕಾಶದಲ್ಲಿ ಇಬ್ಬರು ಚಂದ್ರರು, ಉತ್ತರಕ್ಕೆ ಹಿಮದ ಕೋಟೆ, ನಕ್ಷೆಗಳು, ವಂಶಾವಳಿಗಳು, ನೀವೇ ರೂಪಿಸಿದ ಲಿಪಿ. ಕಾದಂಬರಿಯ ಮೊದಲ ಅಧ್ಯಾಯ ಮಾತ್ರ ಇನ್ನೂ ಮುಗಿದಿಲ್ಲ. ಮನೆಯವರು ಇದನ್ನು ಮಕ್ಕಳ ಕಥೆ ಎನ್ನುತ್ತಾರೆ. ಹಸ್ತಪ್ರತಿ ಓದಿದ ಗೆಳತಿ "ಇಂಗ್ಲಿಷ್ ಸಿನಿಮಾ ನೋಡಿದ ಹಾಗಾಯಿತು" ಎಂದದ್ದು ನಿಮ್ಮ ಮನಸ್ಸಿಗೆ ನಾಟಿದೆ. ಕೊನೆಯಲ್ಲಿ ಹೀಗೆ ಕೇಳಿದ್ದೀರಿ: "ನನ್ನ ದಿನಚರಿಯಲ್ಲಿ ಅದ್ಭುತವೆನ್ನುವಂಥದ್ದು ಏನೂ ಇಲ್ಲ. ಕನ್ನಡದಲ್ಲಿ ಫ್ಯಾಂಟಸಿ ಬರೆಯುವ ಅರ್ಹತೆ ನನಗಿದೆಯೇ?"

ಮಕ್ಕಳ ಕಥೆಯ ಮಾತನ್ನು ಮೊದಲು ಮುಗಿಸಿಬಿಡೋಣ, ಅದಕ್ಕೆ ಹೆಚ್ಚು ಹೊತ್ತು ಬೇಡ. ನಮ್ಮ ಕಾವ್ಯಶಾಸ್ತ್ರ ಅದ್ಭುತವನ್ನು ನವರಸಗಳಲ್ಲಿ ಎಣಿಸಿದೆ. ವಿಸ್ಮಯ ಅದರ ಸ್ಥಾಯೀಭಾವ. ಶೃಂಗಾರ, ವೀರ, ಕರುಣಗಳು ಕುಳಿತ ಪಂಕ್ತಿಯಲ್ಲೇ ಅದಕ್ಕೂ ಎಲೆ ಹಾಕಿದ್ದಾರೆ. ತಲೆಯ ಮೇಲೆ ಕೈಯಿಟ್ಟರೆ ಎಂಥವನೂ ಬೂದಿಯಾಗುವ ವರ ಪಡೆದ ರಾಕ್ಷಸ ಭಸ್ಮಾಸುರನನ್ನು ನಮ್ಮ ಜಿಲ್ಲೆಯ ರೈತರು ಗದ್ದೆ ಬಯಲಿನ ಯಕ್ಷಗಾನದಲ್ಲಿ ಕಂಬಳಿ ಹೊದ್ದು ಕುಳಿತು ಬೆಳಗಿನವರೆಗೆ ನೋಡಿದ್ದಾರೆ, ಮರುದಿನ ಅದೇ ಗದ್ದೆಯಲ್ಲಿ ಅವನ ಅರ್ಥಗಾರಿಕೆಯ ಬಗ್ಗೆ ಜಗಳವಾಡಿದ್ದಾರೆ. ಅವರಾರೂ ಮಕ್ಕಳಾಗಿರಲಿಲ್ಲ. ಮನೆಯವರೊಂದಿಗೆ ವಾದಿಸಲು ಹೋಗಬೇಡಿ. ಬರೆದು ಮುಗಿಸಿದ ಒಂದು ಕಥೆಯನ್ನು ಓದಿ ಹೇಳಿ.

ಈಗ ನೀವು ಪತ್ರದೊಂದಿಗೆ ಕಳಿಸಿದ ಪುಟಗಳ ವಿಚಾರ. ಮೊದಲ ಮೂರು ಪುಟಗಳಲ್ಲಿ ಹಿಮದ ಕೋಟೆಯ ಅರಸನಿದ್ದಾನೆ. ತುಪ್ಪಳದ ನಿಲುವಂಗಿ ತೊಟ್ಟು, ಬೆಂಕಿಯ ಮುಂದೆ ಕುಳಿತು, ಚಿನ್ನದ ಬಟ್ಟಲಿನಲ್ಲಿ ಮದ್ಯ ಕುಡಿಯುತ್ತಾನೆ. ಹೊರಗೆ 'ಭೀಕರ', 'ಅಗಾಧ', 'ಅನಂತ' ಹಿಮ ಬೀಳುತ್ತಿದೆ. ಓದುವಾಗ ನನಗೆ ಚಳಿಯಾಗಲಿಲ್ಲ.

ನಾಲ್ಕನೆಯ ಪುಟದ ನಡುವೆ, ಇವಳು ಕಥೆಗೆ ಬೇಕೇ ಎಂದು ನಿಮಗೇ ಅನುಮಾನವಿದ್ದಂತೆ, ಒಬ್ಬ ಹೆಂಗಸು ಬರುತ್ತಾಳೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರಿಗಿಳಿದು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದಾಳೆ. ಕಣ್ಣಿಗೆ ಕಾಣದ ಚಿಪ್ಪನ್ನು ಅಂಗಾಲಿನಿಂದ ತಡಕಿ ಹುಡುಕುತ್ತಾಳೆ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಪಾತ್ರೆ ತೇಲುತ್ತಿದೆ. ನೀರು ಮೊಣಕಾಲಿನ ಹಿಂಬದಿಗೆ ತಾಗಿದಾಗ, ತಲೆಯೆತ್ತಿ ನೋಡದೆಯೇ, ಎರಡನೆಯ ಚಂದ್ರ ಮೂಡಿದನೆಂದು ಅವಳಿಗೆ ಗೊತ್ತಾಗುತ್ತದೆ. ಆ ಒಂದು ವಾಕ್ಯದಲ್ಲಿ ನಿಮ್ಮ ಲೋಕವನ್ನು ನಾನು ನಂಬಿದೆ. ಏಳು ರಾಜ್ಯಗಳ ವಂಶಾವಳಿ ಮಾಡಲಾಗದ್ದನ್ನು ಆ ಮೊಣಕಾಲು ಮಾಡಿತು. ಅವಳನ್ನು ನೀವು ಅರ್ಧ ಪುಟದಲ್ಲಿ ಕೈಬಿಟ್ಟು ಮತ್ತೆ ಕೋಟೆಗೆ ಓಡಿದ್ದೀರಿ. ನನಗೆ ಬೇಸರವಾದದ್ದು ಅಲ್ಲಿ.

ದಿನಚರಿಯಲ್ಲಿ ಅದ್ಭುತವಿಲ್ಲ ಎಂದಿರಲ್ಲ, ಈ ಹೆಂಗಸನ್ನು ನೀವು ತಂದದ್ದೆಲ್ಲಿಂದ? ಬಸ್ಸಿನ ಕಿಟಕಿಯಿಂದ ಅಥವಾ ಮನೆಯ ಹಿತ್ತಲಿನಿಂದ ನಿತ್ಯ ನೋಡಿದ್ದರಿಂದಲೇ ಅವಳು ಬಂದಳು. ನಾನು ಹೇಳಬೇಕಾದ ಮಾತು ಇದೊಂದೇ, ಉಳಿದದ್ದೆಲ್ಲ ಇದರ ವಿವರಣೆ: ಕಲ್ಪಿತ ಲೋಕವನ್ನು ಓದುಗ ನಂಬುವುದು ಅಲ್ಲಿನ ಅರಮನೆಯಿಂದಲ್ಲ, ಅಲ್ಲಿನ ಜನ ಹೊತ್ತು ಹೊತ್ತಿಗೆ ಏನು ಮಾಡುತ್ತಾರೆ, ಏನು ತಿನ್ನುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದರಿಂದ.

ಇಬ್ಬರು ಚಂದ್ರರ ವಿಷಯವನ್ನೇ ತೆಗೆದುಕೊಳ್ಳಿ. ನಮಗಿರುವುದು ಒಬ್ಬನೇ ಚಂದ್ರ. ಅವನಿಂದ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಅವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಎರಡೂ ಸಣ್ಣದು. ಅಳಿವೆಯಲ್ಲಿ ದುಡಿಯುವವರ ಊಟ, ನಿದ್ದೆ, ಸಂತೆಗೆ ಹೋಗುವ ಹೊತ್ತು ಎಲ್ಲವೂ ಇದರ ಮೇಲೆ ನಿಂತಿದೆ. ಈಗ ಎರಡನೆಯ ಚಂದ್ರನನ್ನು ತೂಗಿಬಿಟ್ಟಿದ್ದೀರಿ. ಅವನ ತಿಂಗಳು ಎಷ್ಟು ದಿನದ್ದು? ಇಬ್ಬರ ಸೆಳೆತ ಪರಸ್ಪರ ಅಡ್ಡವಾದ ದಿನಗಳಲ್ಲಿ ಕೆಸರು ತೆರೆಯುವುದೇ ಇಲ್ಲ. ಬಳಚಿಲ್ಲ, ಆ ವಾರ ಒಲೆ ಉರಿಯುವುದು ಹೇಗೆ? ಇಬ್ಬರೂ ಸೂರ್ಯನೊಂದಿಗೆ ಸಾಲಾಗಿ ನಿಂತ ಅಪರೂಪದ ರಾತ್ರಿ ಕಡಲು ಎಲ್ಲಿಯವರೆಗೆ ಬರುತ್ತದೆ? ಆ ರಾತ್ರಿಯನ್ನು ಮುಂಚಿತವಾಗಿ ಲೆಕ್ಕ ಹಾಕಬಲ್ಲವನು ಊರಿನಲ್ಲಿ ಒಬ್ಬನೇ ಇದ್ದರೆ, ಅವನ ಕೈಯಲ್ಲಿರುವ ಅಧಿಕಾರ ನಿಮ್ಮ ಹಿಮದ ಅರಸನಿಗೂ ಇಲ್ಲ. ಅವನು ಒಮ್ಮೆ ಬೇಕೆಂದೇ ತಪ್ಪು ತಿಥಿ ಹೇಳಿದರೆ? ಇಷ್ಟಕ್ಕೆ ನಿಲ್ಲಿಸುತ್ತೇನೆ, ಕಥೆ ನಿಮ್ಮದು.

ನಿಮ್ಮ ಊರಿನ ಗಜನಿ ಗದ್ದೆಗಳನ್ನು ನಕ್ಷೆಯಲ್ಲಿ ಎಲ್ಲೂ ಕಾಣಲಿಲ್ಲ. ಮಳೆಗಾಲದಲ್ಲಿ ಗದ್ದೆಯಾಗಿದ್ದು, ಕೊಯ್ಲಿನ ನಂತರ ಉಪ್ಪುನೀರು ಒಳಬಿಟ್ಟರೆ ಮೀನು, ಸೀಗಡಿಗಳ ಕೆರೆಯಾಗುವ ಭೂಮಿ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ; ಆಳೆತ್ತರದ ಆ ಬೆಳೆಯಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ. ಒಡ್ಡು ಎಲ್ಲರದು, ಕಾಯುವ ಹೊಣೆಯೂ ಎಲ್ಲರದು. ಇಂಥದ್ದನ್ನು ಬೇರೆ ದೇಶದ ಲೇಖಕನೊಬ್ಬ ತನ್ನ ಮಾಯಾಲೋಕದಲ್ಲಿ ಕಲ್ಪಿಸಿದ್ದರೆ ನೀವು ಅವನ ಕಲ್ಪನಾಶಕ್ತಿಗೆ ಬೆರಗಾಗುತ್ತಿದ್ದಿರಿ.

ಹಾಗೆಂದು ಹಿಮವನ್ನು ಎಸೆಯಿರಿ ಎನ್ನುತ್ತಿಲ್ಲ. ಕಾಣದ್ದನ್ನು ಬರೆಯುವ ಹಕ್ಕು ಲೇಖಕರಿಗೆ ಇದ್ದೇ ಇದೆ. ಆದರೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಹುಟ್ಟಿ ಬೆಳೆದ ನಿಮಗೆ ಒದ್ದೆ ಸೌದೆ ಹೇಗೆ ಹೊಗೆಯಾಡುತ್ತದೆ, ಚಿರೇಕಲ್ಲಿನ ಗೋಡೆ ಯಾವ ತಿಂಗಳಿನಲ್ಲಿ ಹಸಿರಾಗುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ಮೀನುಗಾರರ ಕೇರಿ ಹೇಗಿರುತ್ತದೆ ಎಂಬುದೆಲ್ಲ ಕೇಳದೆಯೇ ಗೊತ್ತು. ಹಿಮದ ಬಗ್ಗೆ ಅಷ್ಟು ಗೊತ್ತಾದ ದಿನ ಹಿಮದ ಕೋಟೆಗೆ ಹೋಗಿ. ಗೆಳತಿ ಹೇಳಿದ ಸಿನಿಮಾದ ಮಾತಿಗೂ ಕಾರಣ ಇದೇ ಇರಬೇಕು.

ಮಂತ್ರಶಕ್ತಿಯ ವಿಚಾರಕ್ಕೆ ಬರುತ್ತೇನೆ, ಇಲ್ಲಿ ನನಗೆ ನಿಮ್ಮ ಮೇಲೆ ದೊಡ್ಡ ಆಕ್ಷೇಪಣೆಯೇ ಇದೆ. ಏಳನೆಯ ಪುಟದಲ್ಲಿ ನಿಮ್ಮ ಮಾಂತ್ರಿಕ ಕೈಯೆತ್ತುತ್ತಾನೆ, ಶತ್ರುಸೈನ್ಯ ಉರುಳುತ್ತದೆ, ಮಧ್ಯಾಹ್ನ ಅವನು ಹಾಯಾಗಿ ಊಟ ಮಾಡುತ್ತಾನೆ. ಇಷ್ಟು ಸಲೀಸಾದರೆ ಮುಂದಿನ ಮುನ್ನೂರು ಪುಟ ಓದುವುದು ಏತಕ್ಕೆ? ನಿಮ್ಮ ಮನೆಯಿಂದ ಯಾಣ ದೂರವಿಲ್ಲ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕವಿದ್ದವ ಗೋಕರ್ಣಕ್ಕೆ' ಎಂಬ ಗಾದೆ ಕೇಳಿಯೇ ಬೆಳೆದಿರುತ್ತೀರಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ; ಸುತ್ತಲಿನ ಕಪ್ಪು ಮಣ್ಣು ಭಸ್ಮಾಸುರನ ಬೂದಿ ಎಂಬ ನಂಬಿಕೆ. ಆ ಕಥೆಯನ್ನು ಭಕ್ತಿಯಿಂದ ಕೇಳಿದ್ದೀರಿ, ಈಗ ಕಸುಬುದಾರಳ ಕಣ್ಣಿನಿಂದ ನೋಡಿ. ವರಕ್ಕೊಂದು ನಿಯಮವಿದೆ. ಆ ನಿಯಮ ಎಷ್ಟು ಕಟ್ಟುನಿಟ್ಟೆಂದರೆ ವರ ಕೊಟ್ಟ ಶಿವನೂ ಅದನ್ನು ಹಿಂದಕ್ಕೆ ಪಡೆಯಲಾರ, ಓಡಬೇಕಾಗುತ್ತದೆ. ಹೊರಗಿನ ಯಾವ ಆಯುಧವೂ ರಾಕ್ಷಸನನ್ನು ಕೊಲ್ಲುವುದಿಲ್ಲ. ಕುಣಿಯುತ್ತ ಕುಣಿಯುತ್ತ ಅವನ ಕೈಯೇ ಅವನ ತಲೆಗೆ ಹೋಗುತ್ತದೆ. ಪಡೆದ ಶಕ್ತಿಯೊಳಗೇ ಸಾವು ಕುಳಿತಿತ್ತು, ಕಥೆ ಅದನ್ನು ಹುಡುಕಿ ತೆಗೆಯಿತು. 2012ರಲ್ಲಿ ಪದ್ಮಶ್ರೀ ಪಡೆದ ನಮ್ಮ ಹೊನ್ನಾವರದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರನ ಪಾತ್ರದಿಂದ ಮನೆಮಾತಾದವರು. ಅವರ ಆಟದ ದೃಶ್ಯಗಳು ಸಿಕ್ಕರೆ ಮೋಹಿನಿಯನ್ನು ಕಂಡ ಮೇಲಿನ ಭಾಗವನ್ನು ನೋಡಿ. ವರದ ಅಮಲು ಹೆಣ್ಣಿನ ಅಮಲಾಗಿ ತಿರುಗುವುದನ್ನು ಕಾಲಿನ ಹೆಜ್ಜೆಯಲ್ಲೇ ಕಾಣಬಹುದು.

ನಿಮ್ಮ ಮಾಂತ್ರಿಕನ ಶಕ್ತಿಗೂ ಬೆಲೆ ಇರಲಿ, ಅದನ್ನು ತೆರುವವರು ಯಾರೆಂಬುದು ಗೊತ್ತಿರಲಿ. ಇದು ನಿಮಗೆ ಕಷ್ಟವಾಗಬಾರದು. ನೀವು ದಿನವಿಡೀ ಜಮಾ-ಖರ್ಚು ಬರೆಯುವವರು. ಹೊಸ ಚಾಲಿ, ಹಳೆ ಚಾಲಿ, ಕೋಕಾ, ಚಿಪ್ಪು ಎಂದು ಅಡಿಕೆ ಬೇರೆಯಾಗುವುದನ್ನು, ಒಂದು ಹಿಡಿ ಕೆಳದರ್ಜೆಯ ಕೋಕಾ ಹೆಚ್ಚಾದರೆ ರೈತನ ಮುಖ ಬಣ್ಣ ಬದಲಾಯಿಸುವುದನ್ನು ಮೇಜಿನ ಈಚೆಯಿಂದ ನೋಡುತ್ತೀರಿ. ಅದನ್ನು ಬೇಸರದ ಕೆಲಸವೆಂದು ಪತ್ರದಲ್ಲಿ ಒಂದು ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ನಿಮ್ಮ ಏಳು ರಾಜ್ಯಗಳಲ್ಲಿ ಸೈನಿಕರಿಗೆ ಸಂಬಳ ಎಲ್ಲಿಂದ ಬರುತ್ತದೆ? ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ತೋಟದ ಮೆಣಸು ನದಿಗುಂಟ ಇಳಿದು ಹಡಗು ಹತ್ತುತ್ತಿತ್ತು, ರಾಜ್ಯ ನಿಂತದ್ದು ಆ ಕಾಳಿನ ಮೇಲೆ. ರಜೆಯ ದಿನಗಳಲ್ಲಿ ಮಿರ್ಜಾನ್ ಕೋಟೆಗೆ ಹೋಗಿ ಬುರುಜುಗಳ ಚಿತ್ರ ಬರೆಯುತ್ತೇನೆ ಎಂದಿದ್ದೀರಿ. ಮುಂದಿನ ಸಲ ಬುರುಜು ಬಿಟ್ಟು ಬಾವಿಗಳನ್ನು ನೋಡಿ. ಮುತ್ತಿಗೆಯ ಕಾಲದಲ್ಲಿ ನೀರು ಸೇದುತ್ತಿದ್ದವರು ಯಾರು, ಎಷ್ಟು ಜನಕ್ಕೆ ಸಾಲುತ್ತಿತ್ತು ಎಂದು ಯೋಚಿಸಿ.

ಖಳನಾಯಕನ ಬಗ್ಗೆ ಒಂದು ಮಾತು. ಹಿಮದ ಅರಸ ಕೆಟ್ಟವನು ಎಂದಷ್ಟೇ ನಿಮ್ಮ ಪುಟಗಳು ಹೇಳುತ್ತವೆ. ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಶಲ್ಯ ಹೊದ್ದ ನಾಲ್ಕೈದು ಜನ ಭಾಗವತರ ಪಕ್ಕ ಕುಳಿತು ಬರೀ ಮಾತಿನಲ್ಲಿ ಕುರುಕ್ಷೇತ್ರವನ್ನು ನಿಲ್ಲಿಸುತ್ತಾರೆ. ಒಳ್ಳೆಯ ಅರ್ಥಧಾರಿಯ ಬಾಯಲ್ಲಿ ಕೌರವನಿಗೂ ಗಟ್ಟಿಯಾದ ವಾದವಿರುತ್ತದೆ, ಕೇಳುವವರು ಅರೆಗಳಿಗೆ ಅವನ ಪಕ್ಷವನ್ನೇ ವಹಿಸುತ್ತಾರೆ. ನಿಮ್ಮ ಅರಸನಿಗೂ ಅಂಥ ಒಂದು ಪೂರ್ತಿ ಪುಟ ಕೊಡಿ.

ಇನ್ನೊಂದು ವಿಷಯದಲ್ಲಿ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಊರಿನ ಚೌಡಿ, ಜಟಗ, ಹುಲಿದೇವರುಗಳನ್ನು ಹೆಸರು ಸಮೇತ ಕಥೆಗೆ ತಂದು, ನಾಯಕ ಕೊಲ್ಲುವ ದುಷ್ಟಶಕ್ತಿಗಳಾಗಿ ಮಾಡುವ ಆಲೋಚನೆ ಇದೆ ಎಂದಿದ್ದೀರಿ. ಆ ಕಲ್ಲುಗಳಿಗೆ ಇವತ್ತೂ ಹೂ ಬೀಳುತ್ತದೆ, ಇವತ್ತೂ ಹರಕೆ ಸಲ್ಲುತ್ತದೆ. ನಂಬುವವರ ಎದುರಿಗೆ ಓದಲಾಗದ ಪುಟವನ್ನು ಬರೆಯಬೇಡಿ. ಅವರಿಂದ ಕೇಳಿ, ಅನುಮತಿ ಕೇಳಿ, ನಿಮ್ಮ ಲೋಕಕ್ಕೆ ನಿಮ್ಮವೇ ದೈವಗಳನ್ನು ಹುಟ್ಟಿಸಿಕೊಳ್ಳಿ. ಕೇಳುವುದನ್ನಂತೂ ಬೇಗ ಮಾಡಿ. ಅಂಕೋಲೆ ಬಡಗೇರಿಯ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವೇ ಅವರ ನೆನಪಿನಲ್ಲಿತ್ತು. ನಿಮ್ಮ ಊರಿನಲ್ಲೂ ಯಾವ ಪ್ರಶಸ್ತಿಯೂ ಬಾರದ ಇಂಥ ಅಜ್ಜಿಯರು ಇದ್ದೇ ಇರುತ್ತಾರೆ.

ಸಮಯದ ಪ್ರಶ್ನೆ. ರಾತ್ರಿಯ ಒಂದು ಗಂಟೆ ಕಡಿಮೆಯೇನಲ್ಲ, ನೀವು ಅದನ್ನು ಲಿಪಿಗೂ ನಕ್ಷೆಗೂ ಹಂಚಿದ್ದರಿಂದ ಕಥೆಗೆ ಉಳಿದಿಲ್ಲ. ಕಾದಂಬರಿಯನ್ನು ಸದ್ಯ ಕಪಾಟಿನಲ್ಲಿಡಿ. ಬಳಚು ಹೆಕ್ಕುವ ಹೆಂಗಸಿನ ಒಂದು ದಿನವನ್ನು, ಒಂದು ಇಳಿತದಿಂದ ಮುಂದಿನ ಇಳಿತದವರೆಗೆ, ಸಣ್ಣಕಥೆಯಾಗಿ ಬರೆಯಿರಿ. ರಾತ್ರಿಗೆ ಒಂದು ಪುಟ ಸಾಕು. ಇಬ್ಬರು ಚಂದ್ರರ ತಿಥಿಗಳನ್ನು ಮಾತ್ರ ಮೊದಲೇ ಒಂದು ಹಾಳೆಯಲ್ಲಿ ಲೆಕ್ಕ ಹಾಕಿಟ್ಟುಕೊಳ್ಳಿ, ನಡುವೆ ತಪ್ಪಿದರೆ ನಮ್ಮ ಕರಾವಳಿಯ ಓದುಗರು ಹಿಡಿದುಬಿಡುತ್ತಾರೆ.

ನಮ್ಮ ಪತ್ರಿಕೆ ಇಂಥ ಕಥೆಯನ್ನು ಪ್ರಕಟಿಸುತ್ತದೆಯೇ ಎಂದು ಕೇಳಿದ್ದೀರಿ. ಪ್ರಕಾರ ಯಾವುದೆಂದು ನೋಡಿ ನಾವು ಕಥೆಯನ್ನು ಹಿಂದಕ್ಕೆ ಕಳಿಸುವುದಿಲ್ಲ. ಪ್ರಕಟಣೆಯ ಭರವಸೆ ಈಗಲೇ ಕೊಡಲಾರೆ. ಪೂರ್ತಿ ಓದಿ ಅಭಿಪ್ರಾಯ ಬರೆಯುತ್ತೇನೆಂಬ ಮಾತು ಕೊಡುತ್ತೇನೆ. 2,500 ಪದಗಳನ್ನು ಮೀರದಿರಲಿ. ಕೈಬರಹವಾದರೆ ಹಾಳೆಯ ಒಂದೇ ಬದಿಗೆ ಬರೆಯಿರಿ, ನಕಲು ನಿಮ್ಮ ಬಳಿ ಇರಲಿ. ನಕ್ಷೆಯನ್ನು ಲಗತ್ತಿಸಬೇಡಿ. ದೀಪಾವಳಿಯೊಳಗೆ ಕೈಸೇರಿದರೆ ಆ ತಿಂಗಳಲ್ಲೇ ಓದುತ್ತೇನೆ.

– ಸಂಪಾದಕ